ಕಥೆ ಕಟ್ಟುವವರು, ಕಾಗುಣಿತ ತಿದ್ದುವವರು

(ನಮ್ಮ ಸಂಘದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಹೋಳಿಗೆಯ ಊಟವಾದ ಮೇಲೆ ಉಪನ್ಯಾಸ ಮಾಡಲು ಒಪ್ಪಿಕೊಳ್ಳುವುದು ಸಾಹಸದ ಕೆಲಸ. ಭೋಜನಾನಂತರ ಶ್ರೋತೃಗಳು ತೂಕಡಿಸಿದರೆ ಅದು ಉಪನ್ಯಾಸಕರ ದೋಷವಲ್ಲ, ಶರೀರಧರ್ಮವೆಂದು ವೈದ್ಯಳಾಗಿ ನಾನೇ ಪ್ರಮಾಣಪತ್ರ ಕೊಡುತ್ತೇನೆ. ಆದುದರಿಂದ ಯಾರೂ ಸಂಕೋಚಪಡಬೇಕಾಗಿಲ್ಲ.

ಸಂಘದವರು ನನ್ನನ್ನು ಕರೆದಾಗಲೆಲ್ಲ ಮಧುಮೇಹದ ಬಗ್ಗೆ ಅಥವಾ ಕೊಲೆಸ್ಟರಾಲ್ ಬಗ್ಗೆ ಮಾತನಾಡಿರೆಂದು ಕೇಳುವುದು ವಾಡಿಕೆ. ಹೋಳಿಗೆ ಬಡಿಸಿದ ದಿನವೇ ಆ ವಿಷಯವೆತ್ತುವುದು ಅತಿಥಿಧರ್ಮವಲ್ಲವೆಂದು ಈ ಸಲ ನಾನೇ ಬೇರೆ ವಿಷಯವನ್ನು ಆರಿಸಿಕೊಂಡೆ. ಅದು ಹುಟ್ಟಿದ್ದು ಕಳೆದ ದೀಪಾವಳಿಯಂದು ನಮ್ಮ ಮನೆಯ ಊಟದ ಮೇಜಿನಲ್ಲಿ. ನಮ್ಮ ಮನೆಯವರು ಸಾಫ್ಟ್‌ವೇರ್ ಇಂಜಿನಿಯರು. ಮಗಳು ಹುಟ್ಟಿ ಬೆಳೆದದ್ದು ಈ ದೇಶದಲ್ಲಿಯೇ, ಈಗ ಇಪ್ಪತ್ತೈದರ ಹರೆಯದವಳು. ಅಂತರ್ಜಾಲದಲ್ಲಿ ಬರವಣಿಗೆಗೆ ಸಂಬಂಧಿಸಿದ ಯಾವ ಸಾಧನ ಹೆಚ್ಚು ಜನಪ್ರಿಯವೆಂದು ಅಂದು ತಂದೆಗೂ ಮಗಳಿಗೂ ವಾದವಾಯಿತು. ವ್ಯಾಕರಣ ತಿದ್ದುವ ತಂತ್ರಾಂಶ ಎಂದು ತಂದೆ. ಫ್ಯಾನ್ ಫಿಕ್ಷನ್ ತಾಣಗಳು ಎಂದು ಮಗಳು. ಅವರಿಬ್ಬರ ನಡುವೆ ಪಾಯಸ ಬಡಿಸುತ್ತಿದ್ದ ನನಗೆ ತೀರ್ಪುಗಾರಳ ಪಟ್ಟ ಬಂದಿತು. ಅಂದು ತೀರ್ಪು ಕೊಡಲಾಗಲಿಲ್ಲ. ಅದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಪರಿಭಾಷೆ. ಫ್ಯಾನ್ ಫಿಕ್ಷನ್ ಎಂದರೆ ಅಭಿಮಾನಿ ಕಥನ. ಒಬ್ಬ ಲೇಖಕ ಸೃಷ್ಟಿಸಿದ ಪಾತ್ರಗಳನ್ನು ಅವನ ಓದುಗರು ಎತ್ತಿಕೊಂಡು, ಮೂಲದಲ್ಲಿಲ್ಲದ ಪ್ರಸಂಗಗಳನ್ನು ಕಲ್ಪಿಸಿ, ತಮ್ಮ ಸಂತೋಷಕ್ಕಾಗಿ ಬರೆದು, ಪರಸ್ಪರ ಹಂಚಿಕೊಳ್ಳುವ ಸಾಹಿತ್ಯ. ಇದರಲ್ಲಿ ಸಂಭಾವನೆಯಿಲ್ಲ, ಬರೆದವರ ನಿಜನಾಮವೂ ಬಹುಮಟ್ಟಿಗೆ ಇರುವುದಿಲ್ಲ. ಅಂತರ್ಜಾಲಕ್ಕಿಂತ ಮೊದಲೇ ಇದು ಇತ್ತು. ಸ್ಟಾರ್ ಟ್ರೆಕ್ ಎಂಬ ದೂರದರ್ಶನ ಸರಣಿ 1966ರಲ್ಲಿ ಆರಂಭವಾಯಿತು. ಮರುವರ್ಷವೇ, 1967ರಲ್ಲಿ, ಅದರ ಅಭಿಮಾನಿಗಳು 'ಸ್ಪಾಕನೇಲಿಯ' ಎಂಬ ಕಿರುಪತ್ರಿಕೆಯನ್ನು ಹೊರತಂದರು. ನಾನು ಈ ಊರಿಗೆ ಬಂದ ಹೊಸತರಲ್ಲಿ ನಮ್ಮ ಸಂಘದ ಪತ್ರಿಕೆಯನ್ನು ಹಿರಿಯರೊಬ್ಬರು ಕೈಯಲ್ಲಿ ಬರೆದು, ನೆರಳಚ್ಚು ತೆಗೆದು, ಅಂಚೆಚೀಟಿ ಅಂಟಿಸಿ ಕಳುಹಿಸುತ್ತಿದ್ದುದು ಹಲವರಿಗೆ ನೆನಪಿರಬಹುದು. ಆ ಅಭಿಮಾನಿಗಳದೂ ಅದೇ ಬಗೆಯ ಶ್ರದ್ಧೆ, ಅದೇ ಬಗೆಯ ಬಡತನ.

1998ರಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಎಂಬ ತಾಣ ಬಂದಿತು. 2006ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ವಾಟ್‌ಪ್ಯಾಡ್ ಹುಟ್ಟಿತು. ಅಲ್ಲಿ ಅಭಿಮಾನಿ ಕಥೆಗಳ ಜೊತೆಗೆ ಸ್ವತಂತ್ರ ಕಥೆಗಳೂ ಇವೆ. 2021ರಲ್ಲಿ ಅದನ್ನು ದಕ್ಷಿಣ ಕೊರಿಯದ ನೇವರ್ ಸಂಸ್ಥೆಯು 60 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಕೊಂಡುಕೊಂಡಿತು. ಇವೆರಡಕ್ಕಿಂತ ಕುತೂಹಲಕರವಾದುದು ಮೂರನೆಯ ತಾಣ, ಆರ್ಕೈವ್ ಆಫ್ ಅವರ್ ಓನ್. ಅಭಿಮಾನಿಗಳು ಉಚಿತವಾಗಿ ಬರೆದ ಕಥೆಗಳಿಂದ ಹಣ ಮಾಡಿಕೊಳ್ಳಲು 2007ರಲ್ಲಿ ಒಂದು ವಾಣಿಜ್ಯ ಸಂಸ್ಥೆ ಹೊರಟಿತು. ಆಗ ಅಭಿಮಾನಿಗಳು, ಅವರಲ್ಲಿ ಬಹುಪಾಲು ಮಹಿಳೆಯರು, ನಮ್ಮ ಮನೆಯನ್ನು ನಾವೇ ಕಟ್ಟಿಕೊಳ್ಳೋಣ ಎಂದು ನಿಶ್ಚಯಿಸಿದರು. ವರ್ಜೀನಿಯ ವುಲ್ಫ್ ಅವರ 1929ರ ಸುಪ್ರಸಿದ್ಧ ಪ್ರಬಂಧವನ್ನು ನೆನಪಿಸುವ ಹೆಸರಿಟ್ಟರು. ತಂತ್ರಾಂಶವನ್ನೂ ತಾವೇ ಬರೆದರು. 2009ರ ನವೆಂಬರಿನಲ್ಲಿ ತಾಣವನ್ನು ಸಾರ್ವಜನಿಕರಿಗೆ ತೆರೆದರು. ಇಂದಿಗೂ ಅದನ್ನು ನಡೆಸುತ್ತಿರುವವರು ಸ್ವಯಂಸೇವಕರು. ಖರ್ಚು ಸಾಗುವುದು ದೇಣಿಗೆಯಿಂದ. ಜಾಹೀರಾತು ಇಲ್ಲ. ಅಲ್ಲಿರುವ ಕೃತಿಗಳ ಸಂಖ್ಯೆ 1 ಕೋಟಿಯನ್ನು ಎಂದೋ ದಾಟಿದೆ. 2019ರಲ್ಲಿ ಡಬ್ಲಿನ್ ನಗರದಲ್ಲಿ ನಡೆದ ವಿಜ್ಞಾನ ಕಥಾಪ್ರೇಮಿಗಳ ಜಾಗತಿಕ ಸಮ್ಮೇಳನದಲ್ಲಿ ಈ ತಾಣಕ್ಕೆ ಹ್ಯೂಗೊ ಪ್ರಶಸ್ತಿ ಸಂದಿತು. ಬಹುಮಾನ ಬಂದದ್ದು ಒಬ್ಬ ಲೇಖಕರಿಗಲ್ಲ, ಒಂದು ಗ್ರಂಥಾಲಯಕ್ಕೆ ಎನ್ನುವುದು ವಿಶೇಷ. ಇಷ್ಟೊಂದು ದೊಡ್ಡ ಸಂಸ್ಥೆಯನ್ನು ಸ್ವಯಂಸೇವಕರೇ ನಡೆಸುತ್ತಿದ್ದಾರೆಂದು ಕೇಳಿದಾಗ ನಮ್ಮ ಸಂಘದ ಖಜಾಂಚಿಗಳ ಮುಖ ನನಗೆ ನೆನಪಾಯಿತು.

ಈಗ ಎರಡನೆಯ ಪಕ್ಷ. ಯಂತ್ರವು ವ್ಯಾಕರಣ ನೋಡಬಲ್ಲುದೇ ಎಂಬ ಪ್ರಯೋಗ 1970ರ ದಶಕದ ಕೊನೆಯಲ್ಲಿ ಬೆಲ್ ಪ್ರಯೋಗಾಲಯದಲ್ಲಿ ನಡೆಯಿತು. ಅಲ್ಲಿ ಸಿದ್ಧವಾದ 'ರೈಟರ್ಸ್ ವರ್ಕ್‌ಬೆಂಚ್' ವಾಕ್ಯಗಳ ಉದ್ದವನ್ನು, ಕರ್ಮಣಿ ಪ್ರಯೋಗಗಳ ಸಂಖ್ಯೆಯನ್ನು, ಸವಕಲು ಪದಗುಚ್ಛಗಳನ್ನು ಎಣಿಸಿ ತೋರಿಸುತ್ತಿತ್ತು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಕಾಗುಣಿತ ತಪ್ಪಿದರೆ ಕೆಂಪು ಅಂಕುಡೊಂಕು ಗೆರೆ, 1997ರ ಆವೃತ್ತಿಯಿಂದ ಮುಂದೆ ವ್ಯಾಕರಣ ತಪ್ಪಿದರೆ ಹಸಿರು ಗೆರೆ ಬರತೊಡಗಿದುವು. 2003ರಲ್ಲಿ ಜರ್ಮನಿಯಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಬಂಧಕಾರ್ಯದಿಂದ ಲ್ಯಾಂಗ್ವೇಜ್‌ಟೂಲ್ ಎಂಬ ಮುಕ್ತ ತಂತ್ರಾಂಶ ಹುಟ್ಟಿತು. 2009ರಲ್ಲಿ ಉಕ್ರೇನಿನ ಮೂವರು ಗ್ರಾಮರ್ಲಿಯನ್ನು ಆರಂಭಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಡೀ ಜಗತ್ತಿಗೆ ಇಂಗ್ಲಿಷ್ ತಿದ್ದುವ ಸಾಧನವನ್ನು ಕೊಟ್ಟರೆಂಬುದು ನಮ್ಮಂಥವರು ಹೆಮ್ಮೆಪಡಬಹುದಾದ ಸಂಗತಿ. ತಪ್ಪುವ ಭಯವನ್ನು ಬಲ್ಲವರೇ ತಿದ್ದುವ ಯಂತ್ರವನ್ನು ಮಾಡಿಯಾರು. 2015ರಲ್ಲಿ ಅದರ ಉಚಿತ ಆವೃತ್ತಿ ಬಂದ ಮೇಲೆ ಬಳಕೆ ಬಹಳ ಬೆಳೆಯಿತು. ಸಂಸ್ಥೆಯೇ ಹೇಳಿಕೊಂಡಂತೆ 2021ರ ಹೊತ್ತಿಗೆ ದಿನವೊಂದಕ್ಕೆ 3 ಕೋಟಿ ಜನ ಅದನ್ನು ಬಳಸುತ್ತಿದ್ದರು. ಅದೇ ವರ್ಷ ಹೂಡಿಕೆದಾರರು ಅದಕ್ಕೆ ಕಟ್ಟಿದ ಬೆಲೆ 1,300 ಕೋಟಿ ಡಾಲರು.

ಅಂಕಿಗಳನ್ನು ಕೇಳಿ ನಮ್ಮ ಮನೆಯವರು ಗೆದ್ದರೆಂದು ನೀವು ತೀರ್ಮಾನಿಸಿರಬಹುದು. ತಾಳ್ಮೆಯಿರಲಿ. ಜನಪ್ರಿಯತೆಯನ್ನು ಅಳೆಯುವಾಗ ಯಾವ ಉಪಕರಣದಿಂದ ಏನನ್ನು ಅಳೆಯುತ್ತಿದ್ದೇವೆಂದು ಮೊದಲು ಕೇಳಿಕೊಳ್ಳಬೇಕು. ಥರ್ಮಾಮೀಟರಿನಿಂದ ರಕ್ತದೊತ್ತಡ ತಿಳಿಯುವುದಿಲ್ಲ. ವ್ಯಾಕರಣ ಸಾಧನವನ್ನು ಒಮ್ಮೆ ಗಣಕದಲ್ಲಿ ಸ್ಥಾಪಿಸಿದರೆ ಸಾಕು, ನೀವು ಮಿಂಚಂಚೆ ಬರೆಯುವಾಗಲೂ ಅರ್ಜಿ ತುಂಬುವಾಗಲೂ ಅದು ಹಿನ್ನೆಲೆಯಲ್ಲಿ ತಾನೇ ಎಚ್ಚರವಾಗಿರುತ್ತದೆ. ನೀವು ಅದನ್ನು ಮರೆತಿದ್ದರೂ ಬಳಕೆದಾರರ ಲೆಕ್ಕದಲ್ಲಿ ಸೇರುತ್ತೀರಿ. ಕಥೆಗಳ ತಾಣ ಹಾಗಲ್ಲ. ಅಲ್ಲಿಗೆ ಹೋಗಬೇಕೆಂಬ ಬಯಕೆ ಹುಟ್ಟಬೇಕು, ಬಾಗಿಲು ತೆರೆದು ಒಳಗೆ ಹೋಗಬೇಕು, ಹೋದವರು ಅರ್ಧರಾತ್ರಿಯವರೆಗೆ ಅಲ್ಲಿಯೇ ಕುಳಿತಿರುತ್ತಾರೆ. ಒಂದು ಹಲ್ಲುಜ್ಜುವ ಬ್ರಷ್ಷು, ಇನ್ನೊಂದು ಹಬ್ಬದ ಊಟ. ಬ್ರಷ್ಷನ್ನು ಬಳಸುವವರ ಸಂಖ್ಯೆ ದೊಡ್ಡದು, ಆದರೆ ಯಾರೂ ಅದಕ್ಕಾಗಿ ಕಾದು ಕುಳಿತುಕೊಳ್ಳುವುದಿಲ್ಲ. 2023ರ ಜುಲೈ ತಿಂಗಳಲ್ಲಿ ಹೊರಗಿನವರ ದಾಳಿಯಿಂದಾಗಿ ಆರ್ಕೈವ್ ತಾಣವು ಸ್ಥಗಿತವಾಯಿತು. ಅಂದು ನನ್ನ ಮಗಳ ಮುಖವನ್ನು ನೋಡಿದ್ದರೆ ಜನಪ್ರಿಯತೆಗೆ ಮತ್ತೊಂದು ಅಳತೆಗೋಲು ನಿಮಗೆ ದೊರೆಯುತ್ತಿತ್ತು.

ಹೀಗಾಗಿ ತಲೆಗಳನ್ನು ಎಣಿಸಿದರೆ ವ್ಯಾಕರಣ ಯಂತ್ರಕ್ಕೆ ಬಲ, ಹಣವನ್ನು ಎಣಿಸಿದರೂ ಅದಕ್ಕೇ ಬಲ. ಗಂಟೆಗಳನ್ನೂ ಮನಸ್ಸನ್ನೂ ಎಣಿಸುವುದಾದರೆ ಕಥೆಗೆ ಬಲ. ಒಂದನ್ನು ನಡೆಸುವುದು ತಪ್ಪಿಬಿಟ್ಟೇನೆಂಬ ಭಯ, ಇನ್ನೊಂದನ್ನು ನಡೆಸುವುದು ಹೇಳಬೇಕೆಂಬ ಆಸೆ. ಈ ಭಯವನ್ನೂ ಆಸೆಯನ್ನೂ ನಾನು ಪುಸ್ತಕದಿಂದ ತಿಳಿದವಳಲ್ಲ. ಆದುದರಿಂದ ಸ್ವಲ್ಪ ನನ್ನ ಕಥೆಯನ್ನು ಹೇಳಬೇಕಾಗಿದೆ.

ನಾನು ಶಿರಸಿಯ ಕಡೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಅಪ್ಪಯ್ಯ ಹೈಸ್ಕೂಲಿನ ಕನ್ನಡ ಪಂಡಿತರು. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಲ್ಲಿನ ಪರೀಕ್ಷೆಗಳನ್ನು ದಾಟಿ, 1997ರಲ್ಲಿ ಈ ದೇಶದ ಒಂದು ಆಸ್ಪತ್ರೆಯಲ್ಲಿ ರೆಸಿಡೆನ್ಸಿಗೆ ಸೇರಿದೆ. ರೋಗವನ್ನು ಗುರುತಿಸುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಆದರೆ ನಾನು ಬರೆದ ಟಿಪ್ಪಣಿಗಳನ್ನು ಹಿರಿಯ ವೈದ್ಯರೊಬ್ಬರು ಬೆಳಗಿನ ಸಭೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದರು. ಎಲ್ಲಿ 'ದಿ' ಬಿಟ್ಟುಹೋಗಿದೆ, ಎಲ್ಲಿ ಬೇಡದೆಡೆ ಬಂದಿದೆ ಎಂದು ತೋರಿಸಿ ನಗುತ್ತಿದ್ದರು. ನಮ್ಮ ಭಾಷೆಯಲ್ಲಿ ಇಲ್ಲವೇ ಇಲ್ಲದ ಆ ಪುಟ್ಟ ಪದ ನನಗೆ ಎಷ್ಟು ಕಣ್ಣೀರು ತರಿಸಿತೆಂಬುದನ್ನು ಇಲ್ಲಿರುವ ಅನೇಕರು ಅನುಭವದಿಂದ ಬಲ್ಲಿರಿ. 'ಡೂ ದಿ ನೀಡ್‌ಫುಲ್' ಎಂದು ಬರೆದು ನಗೆಪಾಟಲಾದವರ ಸಂಘ ಕಟ್ಟಿದರೆ ಅದು ಈ ಸಂಘಕ್ಕಿಂತ ದೊಡ್ಡದಾದೀತು.

ಹೀಗಿರುವಾಗ ಹಸಿರು ಗೆರೆ ಎಳೆಯುವ ಗಣಕ ನನ್ನ ಪಾಲಿಗೆ ದೈವವಾಯಿತು. ಅದು ನಗುತ್ತಿರಲಿಲ್ಲ. ಯಾರಿಗೂ ಹೇಳುತ್ತಿರಲಿಲ್ಲ. ರಾತ್ರಿ ಪಾಳಿಯಲ್ಲಿ ಒಂದೊಂದೇ ಗೆರೆಯನ್ನು ಅಳಿಸುತ್ತ ಕುಳಿತಿರುತ್ತಿದ್ದೆ. ಒಂದು ದಿನ ರೋಗಿಯೊಬ್ಬರ ಬಿಡುಗಡೆ ವರದಿಯನ್ನು ಒಂದು ಗೆರೆಯೂ ಉಳಿಯದಂತೆ ಬರೆದು ಮುಗಿಸಿ, ಹೆಮ್ಮೆಯಿಂದ ಸಹಿ ಹಾಕಿ ಕಳುಹಿಸಿದೆ. ಸ್ವಲ್ಪ ಹೊತ್ತಿನಲ್ಲಿ ಔಷಧಾಲಯದಿಂದ ದೂರವಾಣಿ ಕರೆ ಬಂದಿತು. "ಡಾಕ್ಟರೇ, ನಿಮ್ಮ ರೋಗಿಗೆ ತುರಿಕೆ ಎಂದು ಬರೆದಿದ್ದೀರಿ. ಔಷಧ ಮಾತ್ರ ರಕ್ತದೊತ್ತಡದ್ದು. ನೀವು ಹೇಳಬಯಸಿದ್ದು ಇದನ್ನೇ ಹೌದೇ?"

ನಾನು ಬರೆಯಬೇಕಾಗಿದ್ದುದು ಹೈಡ್ರಾಕ್ಸಿಜೀನ್, ಬರೆದದ್ದು ಹೈಡ್ರಾಲಜೀನ್. ಎರಡರ ಕಾಗುಣಿತವೂ ಸರಿ. ವಾಕ್ಯದ ವ್ಯಾಕರಣ ಶುದ್ಧ. ಯಂತ್ರಕ್ಕೆ ಆಕ್ಷೇಪಿಸಲು ಏನೂ ಇರಲಿಲ್ಲ. ಆ ಮಾತ್ರೆ ರೋಗಿಯ ಹೊಟ್ಟೆ ಸೇರಿದ್ದರೆ ರಕ್ತದೊತ್ತಡ ಕುಸಿದು ಅವರು ಬೀಳಬಹುದಿತ್ತು. ಈ ಎರಡು ಹೆಸರುಗಳು ಎಷ್ಟು ಜನರನ್ನು ದಾರಿ ತಪ್ಪಿಸಿರಬೇಕೆಂದರೆ, 2001ರಿಂದ ಈಚೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಇಂಥ ಜೋಡಿಹೆಸರುಗಳಲ್ಲಿ ವ್ಯತ್ಯಾಸವಿರುವ ಭಾಗವನ್ನು ದೊಡ್ಡಕ್ಷರಗಳಲ್ಲಿ ಮುದ್ರಿಸಬೇಕೆಂದು ಸಲಹೆ ಮಾಡಿದೆ. ಅಂದು ನನ್ನನ್ನು ಉಳಿಸಿದ್ದು ದೂರವಾಣಿಯ ಆ ಬದಿಯಲ್ಲಿದ್ದ ಓದುಗರು. ಯಂತ್ರ ನನ್ನ ವಾಕ್ಯವನ್ನು ನೋಡಿತ್ತು, ಅವರು ನನ್ನ ರೋಗಿಯನ್ನು ನೋಡಿದ್ದರು. ಈ ವ್ಯತ್ಯಾಸ ನನಗೆ ಅಂದು ಪೂರ್ತಿ ಅರ್ಥವಾಗಿತ್ತೆಂದು ಹೇಳಲಾರೆ. ಅರ್ಥವಾಗಿದ್ದರೆ ಮುಂದಿನ ತಪ್ಪನ್ನು ಮಾಡುತ್ತಿರಲಿಲ್ಲ.

2014ನೆಯ ಇಸವಿ. ಮಗಳಿಗೆ ಹದಿನಾಲ್ಕು. ರಾತ್ರಿ ಹೊದಿಕೆಯೊಳಗೆ ದೀಪ ಹೊತ್ತಿಸಿಕೊಂಡು ಏನನ್ನೋ ಟೈಪು ಮಾಡುತ್ತಿದ್ದಳು. ವಿಚಾರಿಸಿದಾಗ ಸಂಕೋಚದಿಂದಲೇ ತೋರಿಸಿದಳು. ಹ್ಯಾರಿ ಪಾಟರ್ ಕಥೆಯಲ್ಲಿ ಬಂದುಹೋಗುವ ಒಂದು ಚಿಕ್ಕ ಪಾತ್ರವನ್ನು ಹಿಡಿದು ನಲವತ್ತು ಅಧ್ಯಾಯಗಳ ಕಥೆ ಬರೆದಿದ್ದಳು. ನಾನೇನು ಮಾಡಿದೆ? ಮೊದಲ ಪುಟದಲ್ಲಿ ಹನ್ನೊಂದು ತಪ್ಪುಗಳನ್ನು ಹುಡುಕಿದೆ. "ಬೇರೆಯವರ ಪಾತ್ರ ಕದ್ದು ಬರೆಯೋದು ಯಾವ ಸೀಮೆ ಬರವಣಿಗೆ? ಈ ಹೊತ್ತಿನಲ್ಲಿ ಗಣಿತವನ್ನಾದರೂ ಓದಿದ್ದರೆ..." ಎಂದೆ. ಮಗಳು ಮಾತನಾಡಲಿಲ್ಲ. ಗಣಕವನ್ನು ಮುಚ್ಚಿದಳು. ಮುಂದೆ ಆರು ವರ್ಷ ತಾನು ಬರೆದ ಒಂದು ಸಾಲನ್ನೂ ನನಗೆ ತೋರಿಸಲಿಲ್ಲ. ಬೆಳಗಿನ ಸಭೆಯಲ್ಲಿ ನನ್ನ ಟಿಪ್ಪಣಿ ಓದಿ ನಗುತ್ತಿದ್ದ ಆ ವೈದ್ಯರನ್ನು ನಾನು ಎಷ್ಟು ಬೈದುಕೊಂಡಿದ್ದೆ! ನನ್ನ ಮನೆಯಲ್ಲಿ ನಾನೇ ಆ ವೈದ್ಯರಾಗಿದ್ದೆ.

ನನ್ನಿಂದ ಅಡಗಿಸಿದ್ದನ್ನು ಅವಳು ಮತ್ತೆಲ್ಲಿಗೋ ಒಯ್ದಳು. ಅಭಿಮಾನಿ ಕಥೆಗಾರರಲ್ಲಿ 'ಬೀಟಾ ರೀಡರ್' ಎಂಬ ಪದ್ಧತಿಯಿದೆ. ಕಥೆ ಪ್ರಕಟಿಸುವ ಮೊದಲು ಮತ್ತೊಬ್ಬ ಅಭಿಮಾನಿ ಅದನ್ನು ಓದಿ, ಕಾಗುಣಿತ ತಿದ್ದಿ, ಎಲ್ಲಿ ಕಥೆ ಕುಂಟುತ್ತಿದೆ, ಎಲ್ಲಿ ಪಾತ್ರ ತನ್ನ ಸ್ವಭಾವ ಬಿಟ್ಟು ವರ್ತಿಸುತ್ತಿದೆ ಎಂದು ಹೇಳುತ್ತಾರೆ. ಸಂಬಳವಿಲ್ಲ, ಸ್ನೇಹವೇ ಸಂಬಳ. ಬೀಟಾ ಯಾರೂ ನೋಡದೆಯೇ ಪ್ರಕಟಿಸುತ್ತಿದ್ದೇನೆಂದು ಧೈರ್ಯ ಕೊಚ್ಚಿಕೊಳ್ಳುವುದು ಅವರಲ್ಲೊಂದು ತಮಾಷೆ. ಅಂದರೆ ವ್ಯಾಕರಣ ಪರಿಶೋಧನೆ ಕಥೆಯ ತಾಣಕ್ಕೆ ಹೊರಗಿನದಲ್ಲ. ಅದರ ಒಳಗೇ, ಮನುಷ್ಯರೂಪದಲ್ಲಿ, ಮೊದಲಿನಿಂದಲೂ ಇದೆ. ನಮ್ಮ ಮನೆಯ ವಾದದಲ್ಲಿ ತಂದೆ ಮಗಳಿಬ್ಬರೂ ಮರೆತಿದ್ದ ಅಂಶವಿದು.

ಇದನ್ನು ವಿದ್ವಾಂಸರೂ ಗಮನಿಸಿದ್ದಾರೆ. ರೆಬೆಕಾ ಬ್ಲ್ಯಾಕ್ ಎಂಬ ಸಂಶೋಧಕಿಯ 2008ರ ಪುಸ್ತಕದಲ್ಲಿ ನನಾಕೊ ಎಂಬ ಗುಪ್ತನಾಮದ ಒಬ್ಬ ಬಾಲಕಿ ಬರುತ್ತಾಳೆ. ಶಾಂಘೈನಿಂದ ಕೆನಡಾಕ್ಕೆ ವಲಸೆ ಬಂದವಳು. ಬಂದಾಗ ಇಂಗ್ಲಿಷ್ ಅಷ್ಟಕ್ಕಷ್ಟೆ. ಕೆಲವು ವರ್ಷಗಳಲ್ಲಿ ತನಗಿಷ್ಟವಾದ ಜಪಾನೀ ಚಿತ್ರಸರಣಿಯ ಪಾತ್ರಗಳನ್ನಿಟ್ಟುಕೊಂಡು ಇಂಗ್ಲಿಷಿನಲ್ಲಿ ಕಥೆ ಬರೆಯತೊಡಗಿದಳು. ಇಂಗ್ಲಿಷ್ ತನ್ನ ಮೊದಲ ಭಾಷೆಯಲ್ಲ, ತಪ್ಪಿದ್ದರೆ ಕ್ಷಮಿಸಿರೆಂದು ಕಥೆಯ ಮೊದಲಿಗೇ ಓದುಗರಲ್ಲಿ ಕೇಳಿಕೊಳ್ಳುತ್ತಿದ್ದಳು. ಓದುಗರು ಕಥೆಯನ್ನು ಮೆಚ್ಚಿ, ಮೆಚ್ಚಿಗೆಯ ನಡುವೆಯೇ ಮೆಲ್ಲನೆ ತಿದ್ದುತ್ತಿದ್ದರು. ಹೀಗೆ ಬರೆಯುತ್ತ ಬರೆಯುತ್ತ ಆಕೆ ನುರಿತ ಲೇಖಕಿಯಾದಳು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಿಸೀಲಿಯ ಅರಗಾನ್ ಮತ್ತು ಕೇಟಿ ಡೇವಿಸ್ ಅವರು 2019ರಲ್ಲಿ ಪ್ರಕಟಿಸಿದ ಪುಸ್ತಕವೂ ಇದನ್ನೇ ದೊಡ್ಡ ಪ್ರಮಾಣದಲ್ಲಿ ಪರಿಶೀಲಿಸುತ್ತದೆ. ಓದುಗರ ಪ್ರತಿಕ್ರಿಯೆ ಹೆಚ್ಚು ಪಡೆದ ಕಥೆಗಾರರ ಶಬ್ದಸಂಪತ್ತು ಕಾಲಕ್ರಮದಲ್ಲಿ ಹೆಚ್ಚು ವೈವಿಧ್ಯ ಪಡೆಯಿತೆಂದು ಅವರ ತಂಡ ಕಂಡುಕೊಂಡಿತು. ಎರಡು ಸಂಗತಿಗಳು ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲವೆಂದು ವೈದ್ಯಶಾಸ್ತ್ರ ನಮಗೆ ಕಲಿಸಿದೆ. ಚೆನ್ನಾಗಿ ಬರೆಯುವವರಿಗೇ ಹೆಚ್ಚು ಪ್ರತಿಕ್ರಿಯೆ ಬಂದಿರಲೂಬಹುದು. ಆದರೂ ನನಾಕೊಳ ಕಥೆಯನ್ನು ಓದಿದಾಗ ನನಗೆ ನನ್ನ ರಾತ್ರಿ ಪಾಳಿಗಳು ನೆನಪಾದುವು. ಅವಳಿಗೆ ದೊರೆತ ಓದುಗರು ನನಗೆ ದೊರೆತಿದ್ದರೆ ಎಂದುಕೊಂಡೆ.

ಬೇರೆಯವರ ಪಾತ್ರವನ್ನು ಕದಿಯುವುದು ಎಂದು ಮಗಳನ್ನು ಜರೆದೆನಷ್ಟೆ. ಆ ಮಾತನ್ನು ಆಡಿದ್ದು ಯಾರ ಮಗಳು? ನಮ್ಮ ಅಪ್ಪಯ್ಯ ಹಗಲು ಶಾಲೆಯಲ್ಲಿ ಕೆಂಪುಶಾಯಿಯ ಲೇಖನಿ ಹಿಡಿದು ಅಲ್ಪಪ್ರಾಣ ಮಹಾಪ್ರಾಣಗಳಿಗಾಗಿ ಮಕ್ಕಳ ಕಿವಿ ಹಿಂಡುತ್ತಿದ್ದರು. ಮಳೆಗಾಲದ ರಾತ್ರಿಗಳಲ್ಲಿ ಅವರೇ ತಾಳಮದ್ದಳೆಯ ಅರ್ಥಧಾರಿ. ಭಾಗವತರು ಪದ್ಯ ಹೇಳಿ ನಿಲ್ಲಿಸಿದೊಡನೆ ಕರ್ಣನಾಗಿ ಮಾತನಾಡತೊಡಗುವರು. ಯಾವ ಗ್ರಂಥದಲ್ಲಿಯೂ ಇಲ್ಲದ ಮಾತು, ಆ ಕ್ಷಣದಲ್ಲಿ ಹುಟ್ಟಿದ್ದು, ಎದುರಿನ ಕೃಷ್ಣನ ಮಾತಿಗೆ ತಕ್ಕಂತೆ ತಿರುಗುವಂಥದ್ದು. ಅದನ್ನು ಕಳ್ಳತನವೆಂದು ಯಾರೂ ಎನ್ನಲಿಲ್ಲ. ಎಲ್ಲರಿಗೂ ಗೊತ್ತಿರುವ ಕರ್ಣನಿಂದ ಯಾರಿಗೂ ಗೊತ್ತಿಲ್ಲದ ಮಾತನ್ನು ಆಡಿಸುವುದೇ ಅಲ್ಲಿನ ಕಲೆ. ಹಿಂದಕ್ಕೆ ಹೋದರೆ ನಮ್ಮ ಆದಿಕವಿ ಪಂಪನೇ 941ರಲ್ಲಿ ವ್ಯಾಸರ ಕಥೆಯನ್ನೆತ್ತಿಕೊಂಡು ಅರ್ಜುನನನ್ನು ನಾಯಕನನ್ನಾಗಿ ಮಾಡಿದ, ಅವನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯಾಗಿಸಿದ. ಅಭಿಮಾನಿಗಳ ತಾಣದಲ್ಲಿ ಇಂಥದಕ್ಕೆ ಪ್ರತ್ಯೇಕ ವರ್ಗವೇ ಇದೆಯೆಂದು ಮಗಳು ನಗುತ್ತ ಹೇಳಿದಳು. ಪಂಪನನ್ನು ಯಾರೊಂದಿಗೂ ಸಮೀಕರಿಸುವ ಉದ್ಧಟತನ ನನ್ನದಲ್ಲ. ಗುಣದಲ್ಲಿ ಅಜಗಜಾಂತರವಿದೆ. ಪ್ರವೃತ್ತಿ ಮಾತ್ರ ಹಳೆಯದು, ನಮ್ಮದೂ ಹೌದು.

ವ್ಯಾಕರಣವೂ ನಮ್ಮದೇ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನ ವಂಶವನ್ನು ನೆನೆಯಿರಿ. ಸೋದರಮಾವ ಜನ್ನ, ಮಹಾಕವಿ. ತಂದೆ ಮಲ್ಲಿಕಾರ್ಜುನ, ಕವಿಗಳ ಪದ್ಯಗಳನ್ನು ಆಯ್ದು ಸೂಕ್ತಿಸುಧಾರ್ಣವವನ್ನು ಸಂಕಲಿಸಿದವನು. ಕಾವ್ಯವನ್ನು ಕೇಳುತ್ತ ಬೆಳೆದ ಆ ವೈಯಾಕರಣನು ತನ್ನ ಸೂತ್ರಗಳಿಗೆ ಉದಾಹರಣೆಗಳನ್ನು ಕವಿಗಳಿಂದಲೇ ತೆಗೆದುಕೊಂಡ. ಮೊದಲು ಕವಿಗಳು ಹೇಳಿದರು, ಆಮೇಲೆ ಕೇಶಿರಾಜ ನಿಯಮವನ್ನು ಕಂಡುಕೊಂಡ. ನಮ್ಮ ಮನೆಯಲ್ಲಿ ನಾನು ಈ ಕ್ರಮವನ್ನು ತಿರುವುಮುರುವು ಮಾಡಿದ್ದೆ.

ಇಂದಿನ ಕನ್ನಡದ ಸ್ಥಿತಿಯೂ ಇದನ್ನೇ ಹೇಳುತ್ತದೆ. 1998ರಲ್ಲಿ ಬಂದ ಬರಹ ತಂತ್ರಾಂಶದಿಂದಾಗಿ ನಮ್ಮಂಥವರು ಗಣಕದಲ್ಲಿ ಕನ್ನಡ ಬರೆಯುವಂತಾದೆವು. ಆದರೆ ಇಂಗ್ಲಿಷಿಗೆ ಇರುವಷ್ಟು ಸಮರ್ಥವಾದ ವ್ಯಾಕರಣ ಪರಿಶೋಧಕ ಕನ್ನಡಕ್ಕೆ ಇಲ್ಲ. ಕೆಲಸ ಸುಲಭವೂ ಅಲ್ಲ. 'ಮನೆ' ಎಂಬ ಒಂದು ಪದಕ್ಕೆ ಮನೆಯಲ್ಲಿ, ಮನೆಯಲ್ಲಿಯೇ, ಮನೆಯವರಿಗೂ, ಮನೆಯಿಂದಾಚೆ ಎಂದು ಪ್ರತ್ಯಯಗಳೂ ಸಂಧಿಗಳೂ ಸೇರುತ್ತ ಹೋದರೆ ನಿಘಂಟಿನಲ್ಲಿ ಎಲ್ಲವನ್ನೂ ಪಟ್ಟಿ ಮಾಡುವುದು ಅಸಾಧ್ಯ. ಯಂತ್ರ ಬರಲೆಂದು ಕನ್ನಡದ ಕಥೆಗಾರರು ಕಾಯಲಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿಯಲ್ಲಿ ಗೃಹಿಣಿಯರು, ಗುಮಾಸ್ತರು, ವಿದ್ಯಾರ್ಥಿಗಳು ಕನ್ನಡದಲ್ಲಿ ಧಾರಾವಾಹಿಗಳನ್ನೇ ಬರೆಯುತ್ತಿದ್ದಾರೆ, ಓದುತ್ತಿದ್ದಾರೆ. ಕಾಗುಣಿತದ ತಪ್ಪುಗಳು ಅಲ್ಲಿ ಕಡಿಮೆಯೇನಲ್ಲ. ಅಪ್ಪಯ್ಯ ಕಂಡಿದ್ದರೆ ಕೆಂಪುಶಾಯಿಯ ಬಾಟಲಿ ಸಾಲುತ್ತಿರಲಿಲ್ಲ. ಆದರೂ ಭಾಷೆ ಉಸಿರಾಡುತ್ತಿದೆ, ಮತ್ತು ಉಸಿರಾಟವನ್ನು ನೋಡಿದ ಮೇಲೆ ಮಿಕ್ಕದ್ದನ್ನು ನೋಡಬೇಕೆಂಬುದು ನಮ್ಮ ತುರ್ತುಚಿಕಿತ್ಸೆಯ ನಿಯಮ.

ಎರಡರ ಅಪಾಯಗಳನ್ನೂ ಹೇಳದೆ ಹೋದರೆ ಕರ್ತವ್ಯಲೋಪವಾಗುತ್ತದೆ. ಅಭಿಮಾನಿ ತಾಣಗಳಲ್ಲಿ ಮಕ್ಕಳು ಓದಬಾರದ ಕಥೆಗಳೂ ಇವೆ. ಕಥೆಯ ಮೇಲೆ ಅದರ ವರ್ಗವನ್ನು ನಮೂದಿಸಿರುತ್ತಾರೆ. ಹೆತ್ತವರು ಗದರುವ ಬದಲು ಅದನ್ನು ಜೊತೆಗೆ ಕುಳಿತು ನೋಡುವುದು ಲೇಸು. ವ್ಯಾಕರಣ ಸಾಧನಗಳಲ್ಲಿ ಹಲವು ನೀವು ಬರೆದುದನ್ನು ತಮ್ಮ ಗಣಕಗಳಿಗೆ ಒಯ್ದು ಪರಿಶೀಲಿಸುತ್ತವೆ. ಇಲ್ಲಿರುವ ಕಿರಿಯ ವೈದ್ಯರು ದಯವಿಟ್ಟು ಗಮನಿಸಬೇಕು: ರೋಗಿಯ ವಿವರವುಳ್ಳ ಪತ್ರವನ್ನು ಸಂಸ್ಥೆಯ ಅನುಮತಿಯಿಲ್ಲದೆ ಅಂಥ ಸಾಧನಕ್ಕೆ ಒಪ್ಪಿಸಬಾರದು. ರೋಗಿಯ ಗುಟ್ಟನ್ನು ಕಾಯಬೇಕೆಂಬುದಕ್ಕೆ ಈ ದೇಶದಲ್ಲಿ 1996ರಿಂದ ಕಾನೂನೇ ಇದೆ. ಇನ್ನು 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ತಿದ್ದುವ ಯಂತ್ರಗಳು ತಾವೇ ಬರೆದುಕೊಡಲು ಮುಂದಾಗಿವೆ. ತಪ್ಪಿಲ್ಲದ ವಾಕ್ಯ ಇನ್ನು ಮುಂದೆ ಎಲ್ಲರಿಗೂ ಸುಲಭವಾಗಿ ದೊರೆಯುತ್ತದೆ. ಏನು ಹೇಳಬೇಕೆಂಬುದು ಮಾತ್ರ ನಮ್ಮ ಹೊಣೆಯಾಗಿಯೇ ಉಳಿಯುತ್ತದೆ.

ಕಡೆಯದಾಗಿ ಒಂದು ಸಂಗತಿ. ಅಪ್ಪಯ್ಯ 2019ರಲ್ಲಿ ತೀರಿಕೊಂಡರು. 2020ರಲ್ಲಿ ಸೋಂಕಿನ ಕಾಲದಲ್ಲಿ ಕಾಲೇಜು ಮುಚ್ಚಿದ್ದರಿಂದ ಮಗಳು ಮನೆಗೆ ಬಂದಿದ್ದಳು. ನಾನು ಆಸ್ಪತ್ರೆಯಿಂದ ಬಂದು ಬೇರೆ ಕೋಣೆಯಲ್ಲಿ ಇರುತ್ತಿದ್ದೆ. ಒಂದು ರಾತ್ರಿ ಬಾಗಿಲ ಸಂದಿಯಿಂದ ಕೆಲವು ಹಾಳೆಗಳನ್ನು ಒಳಗೆ ತಳ್ಳಿ, "ಅಮ್ಮಾ, ಇದನ್ನು ಓದ್ತೀಯಾ? ಆದರೆ ತಿದ್ದಬೇಡ" ಎಂದಳು.

ಇಂಗ್ಲಿಷಿನಲ್ಲಿ ಬರೆದ ಕಥೆ. ಕುಂತಿ ಬಂದು ಹೋದ ದಿನ ರಾತ್ರಿ ಕರ್ಣ ಮನೆಗೆ ಬರುತ್ತಾನೆ. ರಾಧೆ ಅನ್ನ ಬಡಿಸುತ್ತ ಇಂದು ನದಿಯ ಬಳಿ ಯಾರು ಬಂದಿದ್ದರೆಂದು ಕೇಳುತ್ತಾಳೆ. ಯಾರೂ ಇಲ್ಲವೆಂದು ಕರ್ಣ ಹೇಳುತ್ತಾನೆ. ಜನ್ಮದಲ್ಲಿ ಅವನು ಹೇಳಿದ ಒಂದೇ ಸುಳ್ಳು ಅದು. ರಾಧೆಗೆ ಎಲ್ಲವೂ ಗೊತ್ತಿದೆ, ಆದರೂ ಮತ್ತೊಂದು ತುತ್ತು ಬಡಿಸುತ್ತಾಳೆ. ಇದೆಲ್ಲಿಂದ ಬಂತೆಂದು ಕೇಳಿದೆ. "ಅಜ್ಜ ಫೋನಿನಲ್ಲಿ ಹೇಳಿದ್ದು. ಭಾನುವಾರ ಮಾತಾಡ್ತಿದ್ದಾಗ. ಯಾವುದೋ ತಾಳಮದ್ದಳೆಯಲ್ಲಿ ಹೇಳಿದ್ದರಂತೆ" ಎಂದಳು ಬಾಗಿಲಾಚೆಯಿಂದ. ಅಪ್ಪಯ್ಯನ ಮಗಳಾದ ನಾನು ಆ ಅರ್ಥವನ್ನು ಕೇಳಿಯೇ ಇರಲಿಲ್ಲ. ಬಹುಶಃ ಆ ರಾತ್ರಿ ನಾನು ನಿದ್ದೆ ಮಾಡಿದ್ದೆ, ಅಥವಾ ಈ ದೇಶಕ್ಕೆ ಬಂದಾಗಿತ್ತು.

ಮಗಳು ಅದನ್ನು ಮುದ್ರಿಸಿದ್ದು ಗಣಕದ ಪರದೆಯ ಪ್ರತಿರೂಪವಾಗಿ. ಹಾಳೆಗಳ ತುಂಬ ಕೆಂಪು ಗೆರೆಗಳಿದ್ದುವು. ಕರ್ಣ ಎಂದಿರುವಲ್ಲೆಲ್ಲ ಒಂದು, ರಾಧೆ ಎಂದಿರುವಲ್ಲೆಲ್ಲ ಒಂದು. ಯಂತ್ರದ ನಿಘಂಟಿನಲ್ಲಿ ಅವರಿಬ್ಬರೂ ತಪ್ಪುಗಳು. ಯಂತ್ರದ ಮೇಲೆ ನನಗೆ ಕೋಪ ಬರಲಿಲ್ಲ, ಅದಕ್ಕೆ ಯಾರೂ ಆ ಕಥೆ ಹೇಳಿರಲಿಲ್ಲ. ಕಥೆ ಮುಗಿಯುವವರೆಗೂ ನಾನು ಲೇಖನಿ ಮುಟ್ಟಲಿಲ್ಲ. ಮರುದಿನ ಮಗಳೇ, "ತಪ್ಪಿದ್ದರೆ ಈಗ ಹೇಳು" ಎಂದಳು. ಮೂರು ತಪ್ಪುಗಳಿದ್ದುವು. ಹೇಳಿದೆ. ಸಂತೋಷದಿಂದಲೇ ತಿದ್ದಿಕೊಂಡಳು.

ಆದುದರಿಂದ ಊಟದ ಮೇಜಿನ ವಾದಕ್ಕೆ ನನ್ನ ತೀರ್ಪು ಹೀಗಿದೆ. ಸಂಖ್ಯೆಯಲ್ಲಿ ತಂದೆ ಗೆದ್ದರು, ಪ್ರೀತಿಯಲ್ಲಿ ಮಗಳು ಗೆದ್ದಳು, ಇಬ್ಬರಿಂದಲೂ ಕಲಿಯಬೇಕಾದವಳು ನಾನು. ವ್ಯಾಕರಣ ಬೇಡವೆಂದು ಹೇಳುತ್ತಿಲ್ಲ, ಪಂಡಿತರ ಮಗಳು ಹಾಗೆ ಹೇಳಲಾರಳು. ಮೊದಲು ಪೂರ್ತಿ ಓದಬೇಕು, ಆಮೇಲೆ ತಿದ್ದಬೇಕು, ಅಷ್ಟೆ.

ಸಂಘಕ್ಕೆ ನನ್ನದೊಂದು ವಿನಂತಿ. ನಮ್ಮ ಪತ್ರಿಕೆಯ ಮಕ್ಕಳ ಪುಟಕ್ಕೆ ಲೇಖನಗಳೇ ಬರುವುದಿಲ್ಲವೆಂದು ಸಂಪಾದಕರು ಪ್ರತಿ ಸಂಚಿಕೆಯಲ್ಲಿಯೂ ಕೊರಗುತ್ತಾರೆ. ಬರೆದರೆ ದೊಡ್ಡವರು ನಗುತ್ತಾರೆಂಬ ಭಯವಿರುವಲ್ಲಿ ಮಕ್ಕಳು ಬರೆಯುವುದಾದರೂ ಹೇಗೆ? ಮುಂದಿನ ರಾಜ್ಯೋತ್ಸವ ಸಂಚಿಕೆಗೆ ಮಕ್ಕಳು ತಮಗೆ ಇಷ್ಟವಾದ ಯಾವುದೇ ಕಥೆಯ ಯಾವುದೇ ಪಾತ್ರವನ್ನು ಹಿಡಿದು ಬರೆಯಲಿ. ಅದು ಭೀಮನಾಗಲಿ, ಹ್ಯಾರಿ ಪಾಟರನಾಗಲಿ. ಕನ್ನಡ ಬಂದಷ್ಟು ಕನ್ನಡದಲ್ಲಿ, ಬಾರದಿದ್ದರೆ ಬೆರೆಸಿ ಬರೆಯಲಿ. ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ಹಿರಿಯರು ಮೊದಲ ಓದುಗರಾಗೋಣ. ನಿವೃತ್ತರಾದ ಅಜ್ಜ ಅಜ್ಜಿಯರು ಇಲ್ಲಿ ಬಹಳ ಮಂದಿ ಇದ್ದೀರಿ, ನಿಮ್ಮಲ್ಲಿ ಸಮಯವೂ ಇದೆ, ಕಥೆಗಳೂ ಇವೆ. ಮೊದಲನೆಯ ಹೆಸರನ್ನು ನಾನೇ ಕೊಡುತ್ತೇನೆ. ನನ್ನ ಕೆಂಪು ಲೇಖನಿಯನ್ನು ಮನೆಯಲ್ಲಿಯೇ ಬಿಟ್ಟು ಬರುತ್ತೇನೆಂದು ಮಾತು ಕೊಡುತ್ತೇನೆ.